ಶಂಖಪುರಿಯ ಹಿಂಬಾಗಿಲುಗಳು

ಹಿಂದೆ, ಬಹಳ ಹಿಂದೆ, ಶಂಖಪುರಿ ಅಂತ ಒಂದು ರಾಜ್ಯವಿತ್ತು. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿ ಸುತ್ತಿ ಮೇಲೇರುವ ಅರಮನೆ. ಕೋಣೆಗೊಬ್ಬ ಕಾವಲುಗಾರ, ಅವನ ನೆತ್ತಿಯ ಮೇಲೊಂದು ಜುಟ್ಟು. ಹೊರಗೆ ಅವನ ಪಾಲಿನ ಸದ್ದಾದರೆ ಜುಟ್ಟು ಬಾಗುತ್ತಿತ್ತು. ಜುಟ್ಟು ಬಾಗಿದರೆ ಸೂರಿನ ಕಿಂಡಿ ತೆರೆದು, ಮೇಲಿನ ಕೆರೆಯ ಉಪ್ಪುನೀರು ಒಳಗೆ ಧುಮುಕುತ್ತಿತ್ತು. ಕಾವಲುಗಾರ ಗಂಟೆ ಬಾರಿಸುತ್ತಿದ್ದ. ಆ ರಾಜ್ಯಕ್ಕೆ ಕಿವಿ ಕೇಳುತ್ತಿದ್ದದ್ದೇ ಹೀಗೆ. ಆಮೇಲೆ ಅವನು ಕೋಣೆಯ ಎರಡು ಹಿಂಬಾಗಿಲುಗಳಿಗೆ, ದೊಡ್ಡದಕ್ಕೂ ಚಿಕ್ಕದಕ್ಕೂ, "ಬಿಡು!" ಅನ್ನುತ್ತಿದ್ದ. ಅವು ನೀರು ಬಿಡುತ್ತಿದ್ದವು. ಕೋಣೆ ಬರಿದಾದರೆ ತಾನೇ ಮುಂದಿನ ಸದ್ದಿಗೆ ಜಾಗ?

ಅಲ್ಲೊಬ್ಬ ಮಾಂತ್ರಿಕನಿದ್ದ, ಮೌನಮಲ್ಲ ಅಂತ. ಗಂಟೆಗಳ ಗದ್ದಲಕ್ಕೆ ಅವನ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತಂತೆ. ಅಷ್ಟಕ್ಕೇ ಮಹಾಶಯ ರಾಜ್ಯವನ್ನೇ ಕಿವುಡು ಮಾಡಲು ಹೊರಟ! ಹಿಂಬಾಗಿಲುಗಳು ಸಲೀಸಾಗಿ ಸರಿಯಲೆಂದು ಹೊಸ್ತಿಲಿಗೆ ಬಳಿದಿದ್ದ ಸುಣ್ಣ ಕೆರೆದ, ಕೀಲಿನ ಎಣ್ಣೆ ಒರೆಸಿದ, ಮೇಲೊಂದು ಮಂತ್ರ ಊದಿದ. ಅಂದಿನಿಂದ "ಬಿಡು" ಅಂದರೆ ಬಾಗಿಲುಗಳಿಗೆ "ಹೋಗಲಿ ಬಿಡು" ಅಂತಲೇ ಅರ್ಥ.

ಕೋಣೆಗಳು ತುಂಬತೊಡಗಿದವು. ಕಾವಲುಗಾರರು ಉಪ್ಪಿನಲ್ಲಿ ಕರಗತೊಡಗಿದರು. ಹೊನ್ನಾಜಿ ಎಂಬ ಹುಡುಗಿಗೆ ಇದ್ದೊಬ್ಬ ಅಣ್ಣ ಬೀರಣ್ಣನೂ ಒಬ್ಬ ಕಾವಲುಗಾರ. ಅವಳು ಅವನ ಕೋಣೆಯ ಹಿಂದಕ್ಕೆ ಓಡಿಬಂದಾಗ ಒಳಗೆ ನೀರು ಎದೆಮಟ್ಟ.

"ಬಿಡು!" ಅಂದಳು ದೊಡ್ಡ ಬಾಗಿಲಿಗೆ.

"ಯಾವತ್ತೋ ಬಿಟ್ಟೆನಮ್ಮ. ನಾನು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ," ಅಂದಿತು ಬಾಗಿಲು.

ಹೊನ್ನಾಜಿ ಹೊಸ್ತಿಲು ನೋಡಿದಳು, ಸುಣ್ಣವಿಲ್ಲ. ತಂದು ಬಳಿದಳು. ಬಾಗಿಲು ಹೆಬ್ಬೆರಳಿನಷ್ಟು ಸರಿದು ನಿಂತಿತು.

"ಬಿಡು!" ಅಂದಳು ಚಿಕ್ಕ ಬಾಗಿಲಿಗೆ.

"ಆಯ್ತು ಬಿಡಮ್ಮ, ಅದಕ್ಯಾಕೆ ಇಷ್ಟು ಕೂಗಾಟ?"

ಕೀಲು ಮುಟ್ಟಿದಳು, ಎಣ್ಣೆಯಿಲ್ಲ. ತಂದು ಸುರಿದಳು. ಅದೂ ಹೆಬ್ಬೆರಳಿನಷ್ಟೇ ಸರಿಯಿತು. ನೀರು ಅಷ್ಟರಲ್ಲಿ ಕುತ್ತಿಗೆಗೆ ಬಂದಿತ್ತು.

"ತಂಗೀ, ನೀನು ಮನೆಗೆ ಹೋಗು," ಅಂದ ಬೀರಣ್ಣ ಒಳಗಿಂದ.

"ಸುಮ್ಮನಿರಣ್ಣ!" ಅಂತ ಹೊನ್ನಾಜಿ ಗೊಳೋ ಅಂತ ಅತ್ತಳು.

ಆಗ ಮೌನಮಲ್ಲನೇ ನಗುತ್ತಾ ಬಂದ. "ಏನಮ್ಮಾ, ಬಾಗಿಲಿಗೆ ಬುದ್ಧಿ ಹೇಳ್ತಿದ್ದೀಯಾ?"

ಅವಳಿಗೆ ಪಿತ್ತ ನೆತ್ತಿಗೇರಿತು. ಎರಡೂ ಕೈಯಲ್ಲಿ ಅವನ ಗಡ್ಡ ಹಿಡಿದು ಜಗ್ಗಿದಳು.

"ಅಯ್ಯಯ್ಯೋ! ಬಿಡು!"

"ಯಾಕೆ ಬಿಡಬೇಕು?"

"ಉರಿ, ತಾಯೀ! ಬಿಡು, ಬಿಡು!"

ಮಂತ್ರ ಊದಿದ ಬಾಯಿಯೇ ಆ ಮಾತನ್ನು ನಿಜ ಅರ್ಥದಲ್ಲಿ ಆಡಿತ್ತು. ಮಂತ್ರ ಮುರಿಯಿತು. ಶಂಖಪುರಿಯ ಹಿಂಬಾಗಿಲುಗಳೆಲ್ಲ ದಢಾರನೆ ತೆರೆದವು. ಹೊನ್ನಾಜಿ ಗಡ್ಡ ಬಿಟ್ಟು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡಳು. ಮೌನಮಲ್ಲ ಉಪ್ಪುನೀರಿನಲ್ಲಿ ಕೊಚ್ಚಿಹೋದ.

ಬೀರಣ್ಣ ಬದುಕಿದ. ಊರಲ್ಲಿ ಮತ್ತೆ ಗಂಟೆಗಳು ಮೊಳಗಿದವು. ಆದರೆ ಕೆಳಗಿನ ಸುತ್ತಿನ ಮೊದಲ ಕೋಣೆಗಳ ಕಾವಲುಗಾರರು ಆಗಲೇ ಕರಗಿಹೋಗಿದ್ದರು. ಆ ಅರಮನೆಯಲ್ಲಿ ಹೋದವನ ಜಾಗಕ್ಕೆ ಇನ್ನೊಬ್ಬ ಹುಟ್ಟುವುದಿಲ್ಲ. ತೀರ ಸಣ್ಣ, ಕೀಚಲು ಸದ್ದುಗಳನ್ನು ಕಾಯುತ್ತಿದ್ದವರು ಅವರೇ. ಹಾಗಾಗಿ ಶಂಖಪುರಿಯಲ್ಲಿ ಇಂದಿಗೂ ಸೊಳ್ಳೆ ಗುಯ್‌ಗುಡುವುದು ಯಾರಿಗೂ ಕೇಳಿಸದು. ಮಿಕ್ಕಂತೆ ರಾಜ, ಪ್ರಜೆ ಎಲ್ಲರೂ ಸುಖವಾಗಿದ್ದಾರೆ. ಸೊಳ್ಳೆ ಕಚ್ಚಿದಾಗ ಮಾತ್ರ ಆ ಕಾವಲುಗಾರರ ಹೆಸರು ಹೇಳಿಕೊಂಡು ಕೆರೆದುಕೊಳ್ಳುತ್ತಾರೆ.