ಹಸಿರು ಅಕ್ಷರಗಳ ಹಿಂದೆ

“ಮೇಡಂ, ಒಂದು ದಿನದ ಮಟ್ಟಿಗೆ ನಿಮ್ಮ ಕೈ ಬೇಕಾಗಿತ್ತು.”

ಕಂಪ್ಯೂಟರ್ ರಿಪೇರಿಯವನು ಹಾಲಿನ ಕೇಂದ್ರದ ಕಿಟಕಿಗೆ ಬಗ್ಗಿ ಇಷ್ಟು ಹೇಳಿದ್ದೇ ತಡ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಕಿವಿಗಳೆಲ್ಲ ನೆಟ್ಟಗಾದವು.

“ಕೈ ಮಾತ್ರ ಸಾಕೇನಪ್ಪ? ಪೂರ್ತಿ ಕರ್ಕೊಂಡು ಹೋಗು,” ಎಂದಳು ಸಾಲಿನ ಮುಂದಿದ್ದ ಮುದುಕಿ.

ಒಳಗೆ ಕೂತಿದ್ದವಳ ಕೆನ್ನೆ ಬಿಸಿಯಾಯಿತು. ಬೆರಳು ಮಾತ್ರ ನಿಲ್ಲಲಿಲ್ಲ. ಒಂಬತ್ತು ವರ್ಷದಿಂದ ಅವಳು ಯಾರ ಹಾಲು ಎಷ್ಟು ಲೀಟರು, ಅದರಲ್ಲಿ ಜಿಡ್ಡೆಷ್ಟು ಎಂದು ಕಂಪ್ಯೂಟರಿಗೆ ಹಾಕುತ್ತ ಬಂದಿದ್ದಳು. ಕಣ್ಣು ಕ್ಯಾನಿನ ಮೇಲೆ, ಹತ್ತೂ ಬೆರಳು ಕೀಲಿಗಳ ಮೇಲೆ.

“ಯಾತಕ್ಕೆ?” ಎಂದಳು.

ಊರಾಚೆಯ ಮುಚ್ಚಿದ ಹಿಟ್ಟಿನ ಗಿರಣಿಗೆ ಸಿನಿಮಾದವರು ಬಂದಿದ್ದರು. ಹೀರೋಯಿನ್ ಅಲ್ಲಿ ವಿಲನ್ನಿನ ಗುಟ್ಟುಗಳನ್ನು ಕಂಪ್ಯೂಟರಿನಿಂದ ಕದಿಯಬೇಕು. ಆ ನಟಿಗೆ ಟೈಪಿಂಗ್ ಬಾರದು. ಕಂಪ್ಯೂಟರಿನ ಪರದೆ ಸಿದ್ಧಪಡಿಸಲು ಹೋಗಿದ್ದ ಇವನ ಕೈಯನ್ನೇ ತೋರಿಸೋಣವೆಂದರೆ ಡೈರೆಕ್ಟರ್ ತಲೆ ಚಚ್ಚಿಕೊಂಡರಂತೆ.

“ನಾನು ಟೈಪ್ ಮಾಡೋದು ಕೋಳಿ ಕಾಳು ಹೆಕ್ಕಿದ ಹಾಗಿದೆಯಂತೆ.”

“ಕಂಪ್ಯೂಟರ್ ರಿಪೇರಿ ಮಾಡೋರಿಗೆ ಟೈಪಿಂಗ್ ಬರಲ್ವಾ?”

“ಹಲ್ಲಿನ ಡಾಕ್ಟರು ಕಬ್ಬು ತಿನ್ನೋ ಪಂದ್ಯ ಗೆಲ್ಲಬೇಕಾ ಮೇಡಂ?”

ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಡ್ರಾಯರಿನಲ್ಲಿ ಹೆಡ್ ಆಫೀಸಿನ ಪತ್ರವಿತ್ತು: ದೂರದ ಊರಿಗೆ ಬಡ್ತಿ, ನಾಡಿದ್ದರೊಳಗೆ ಉತ್ತರ ಕೊಡಬೇಕು. ಅಕ್ಕ ಹೋಗು ಎಂದಿದ್ದಳು, ಭಾವ ಹೋಗು ಎಂದಿದ್ದರು. ಹೋದ ವಾರ ಪ್ರಿಂಟರ್ ಸರಿಮಾಡಲು ಬಂದಿದ್ದ ಇವನಿಗೂ ಹೇಳಿದ್ದಳು. ಅವನು ಪ್ರಿಂಟರಿನ ಒಳಗೆ ಮುಖ ತೂರಿಸಿಕೊಂಡೇ, “ಒಳ್ಳೇದಾಯ್ತು ಮೇಡಂ, ಅಲ್ಲಿ ಎಲ್ಲಾ ಹೊಸ ಮಶೀನುಗಳಂತೆ,” ಎಂದಿದ್ದ. ಹಾಗೆಂದ ಬಾಯಲ್ಲೇ ಕಾಗದ ಸಿಕ್ಕಿಹಾಕಿಕೊಳ್ಳಬಾರದಿತ್ತೇ ಎಂದು ಅವಳಿಗೆ ಅನ್ನಿಸಿತ್ತು.

ಆದರೂ ಮರುದಿನ ಗಿರಣಿಗೆ ಹೋದಳು. ಯಾರೋ ಅವಳ ಉಗುರಿಗೆ ಬಣ್ಣ ಹಚ್ಚಿ, ಹೀರೋಯಿನ್ನಿನ ಬಳೆ ತೊಡಿಸಿದರು. ಲೈಟು ಹೊಂದಿಸುವವರೆಗೂ ಅವನು ಪಕ್ಕದ ಖಾಲಿ ಡಬ್ಬದ ಮೇಲೆ ಕೂತು ಪಿಸುಗುಟ್ಟಿದ.

“ಸಿನಿಮಾದಲ್ಲಿ ಪಾಸ್‌ವರ್ಡು ಮೂರನೇ ಸಲಕ್ಕೆ ಸಿಕ್ಕೇ ಸಿಗುತ್ತೆ. ನಮ್ಮ ಕೇಂದ್ರದ ಅಧ್ಯಕ್ಷರಿಗೆ ಅವರದೇ ಪಾಸ್‌ವರ್ಡು ಮೂವತ್ತನೇ ಸಲಕ್ಕೂ ಸಿಗಲ್ಲ.”

“ಕೊನೆಗೆ ಕಂಪ್ಯೂಟರಿಂದ ಕಿಡಿ ಹಾರುತ್ತಂತೆ, ಹೌದಾ?”

“ಹಾರುತ್ತೆ. ಹದಿನೈದು ವರ್ಷದಲ್ಲಿ ನಾನು ಬಿಚ್ಚಿದ ಯಾವ ಕಂಪ್ಯೂಟರಲ್ಲೂ ಕಿಡಿ ಕಾಣಲಿಲ್ಲ. ಬರೀ ಧೂಳು, ಜಿರಳೆ. ಇನ್ನೊಂದು ನೋಡಿ, ಈ ಹೀರೋಯಿನ್ನಮ್ಮ ಒಂದು ಅಕ್ಷರಾನೂ ತಪ್ಪು ಒತ್ತಲ್ಲ. ಅಳಿಸೋ ಕೀಲೀನೇ ಬೇಕಿಲ್ಲ ಅವಳಿಗೆ.”

“ಪುಣ್ಯವಂತೆ,” ಎಂದಳು. ಅವನು ಒಂದು ಗಳಿಗೆ ಅವಳ ಮುಖ ನೋಡಿ, ಎದ್ದು ಹೋಗಿ ವಯರು ಸುತ್ತತೊಡಗಿದ.

“ಏನು ಬೇಕಾದ್ರೂ ಒತ್ತಿ, ಯಾರಿಗೂ ಕಾಣಲ್ಲ. ಜೋರಾಗಿ ಮಾತ್ರ ಒತ್ತಿ,” ಎಂದರು ಡೈರೆಕ್ಟರ್.

ನಿಜವೇ. ಅವಳು ಯಾವ ಕೀಲಿ ಒತ್ತಿದರೂ ಪರದೆಯ ಮೇಲೆ ಅರ್ಥವಿಲ್ಲದ ಹಸಿರು ಅಕ್ಷರಗಳು ಜರಡಿಯಿಂದ ಉದುರಿದಂತೆ ಇಳಿಯುತ್ತಿದ್ದವು. ಮೊದಲು ರೂಢಿಯಂತೆ ಹಾಲು ಬರೆದಳು: ಎಂಟು ಲೀಟರು, ಆರು ಲೀಟರು. ಎರಡನೇ ಟೇಕಿಗೆ ಬೇಸರ ಬಂತು. ಮೂರನೆಯದಕ್ಕೆ ಬೆರಳು ತಾನಾಗಿಯೇ ದಾರಿ ಬದಲಿಸಿ ಮನಸ್ಸಿನ ಮಾತು ಒತ್ತತೊಡಗಿತು: ಎಲ್ಲರೂ ಹೋಗು ಅಂತಾರೆ. ಬೇಡ ಅಂತ ಒಬ್ಬರು ಅಂದಿದ್ದರೆ ಸಾಕಿತ್ತು. ಆ ಒಬ್ಬರು ಲೈಟಿನ ಪಕ್ಕ ವಯರು ಸುತ್ತುತ್ತಾ ನಿಂತಿದ್ದಾರೆ. ಅವರಿಗೆ ವಯರಿನ ಗಂಟು ಬಿಟ್ಟರೆ ಬೇರೆ ಗಂಟು ಕಾಣಲ್ಲ.

“ಅದ್ಭುತ,” ಎಂದರು ಡೈರೆಕ್ಟರ್. “ಆ ಬೆರಳುಗಳಲ್ಲಿ ಎಂಥ ಸಿಟ್ಟು.”

ಮರುದಿನ ಬೆಳಗ್ಗೆ ಹಾಲಿನ ವ್ಯಾನು ಹೋದ ಮೇಲೆ ಅವನು ಕೇಂದ್ರಕ್ಕೆ ಬಂದ. ಕೂರಲಿಲ್ಲ.

“ಒಂದು ತಪ್ಪಾಗಿದೆ ಮೇಡಂ. ಆ ಹಸಿರು ಪರದೆಗೆ ನಾನು ಹೊಸದಾಗಿ ಏನೂ ಬರೆದಿರಲಿಲ್ಲ. ಇಲ್ಲಿಗೆ ಮಾಡಿಕೊಟ್ಟಿದ್ದೀನಲ್ಲ, ಹಾಲು ಬರೆಯೋ ಪ್ರೋಗ್ರಾಮು, ಅದರ ಮೇಲೇ ಹಸಿರು ಬಟ್ಟೆ ಹೊದಿಸಿದ ಹಾಗೆ ಮಾಡಿದ್ದೆ.”

ಅವಳು ಕೀಲಿಗಳ ಮೇಲಿನಿಂದ ಕೈ ಹಿಂದೆಳೆದುಕೊಂಡಳು. ಆ ಪ್ರೋಗ್ರಾಮು ಒತ್ತಿದ ಒಂದೊಂದು ಅಕ್ಷರವನ್ನೂ ಉಳಿಸಿಟ್ಟುಕೊಳ್ಳುತ್ತಿತ್ತು. ಒಮ್ಮೆ ಕರೆಂಟು ಹೋಗಿ ಒಂದು ಬೆಳಗಿನ ಹಾಲಿನ ಲೆಕ್ಕವೆಲ್ಲ ಅಳಿಸಿಹೋಗಿ ಜಗಳವಾದ ಮೇಲೆ, ಹಾಗೇ ಮಾಡಿಕೊಡಿ ಎಂದು ಕೇಳಿದವಳೂ ಅವಳೇ.

“ಎಷ್ಟು ಓದಿದಿರಿ?”

“ಮೊದಲು ಬರೀ ಹಾಲಿತ್ತು. ಆಮೇಲೆ ವಯರು ಸುತ್ತೋನು ಬಂದ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ.”

“ಅಳಿಸಿಬಿಡಿ,” ಎಂದಳು, ಮೇಜಿನ ಕಡೆ ನೋಡುತ್ತ.

“ಅಳಿಸ್ತೀನಿ. ಉತ್ತರ ಹೇಳಿ ಅಳಿಸ್ತೀನಿ.” ಅವನ ದನಿ ಸಣ್ಣದಾಯಿತು. “ಬೇಡ ಅಂತ ನಾನು ಅನ್ನಲ್ಲ ಮೇಡಂ.”

ಅವಳು ಡ್ರಾಯರನ್ನು ಎಳೆದಳು, ಸುಮ್ಮನೆ ಮುಚ್ಚಿದಳು.

“ಒಂಬತ್ತು ವರ್ಷ ದುಡಿದು ಗಿಟ್ಟಿಸಿದ ಕೆಲಸ. ನನಗೋಸ್ಕರ ಬಿಟ್ಟರೆ, ನಾಳೆ ಸಾರು ಉಪ್ಪಾದಾಗಲೂ ನಿಮಗೆ ಅದೇ ನೆನಪಾಗುತ್ತೆ. ಹೋಗಿ. ಹೋಗಲೇಬೇಕು. ನಂದೇನಿದೆ, ಒಂದು ಮೇಜು, ಒಂದು ಪೆಟ್ಟಿಗೆ ಸ್ಕ್ರೂಡ್ರೈವರು. ಕಂಪ್ಯೂಟರ್ ಕೆಡದ ಊರನ್ನ ನಾನಿನ್ನೂ ಕಂಡಿಲ್ಲ.”

ಅವಳು ತಲೆಯೆತ್ತಿದಳು. ಅವನು ಮಾತ್ರ ಕಿಟಕಿಯ ಸರಳು ಎಣಿಸುವವನಂತೆ ಅತ್ತ ನೋಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು.

“ಹಾಗಾದ್ರೆ ಹೋದ ವಾರ ಯಾಕೆ ಹಾಗಂದಿರಿ?”

“ಮುಖ ತೋರಿಸೋ ಧೈರ್ಯ ಇರಲಿಲ್ಲ. ಹೊರಗೆ ಬಂದದ್ದು ಅದೊಂದೇ ಮಾತು.”

“ಅಲ್ಲಿ ಹೊಸ ಮಶೀನುಗಳು. ಕೆಡೋದು ತಡ ಆಗಬಹುದು.”

“ಕಾಯ್ತೀನಿ. ಕಾಯೋದು ನನಗೆ ಅಭ್ಯಾಸ ಇದೆ. ನಾಲ್ಕು ವರ್ಷದಿಂದ ನಾನು ಬಂದಾಗೆಲ್ಲ ನಿಮ್ಮ ಪ್ರಿಂಟರು ನಿಜಕ್ಕೂ ಕೆಟ್ಟಿತ್ತು ಅಂದ್ಕೊಂಡಿದ್ದೀರಾ?”

ಅವಳು ಮತ್ತೆ ಡ್ರಾಯರು ಎಳೆದಳು. ಪತ್ರ ತೆಗೆದು, ಒಪ್ಪಿಗೆ ಎಂದಿದ್ದ ಕಡೆ ನಿಧಾನವಾಗಿ ಸಹಿ ಹಾಕಿದಳು. ಉಗುರಿನ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ.

“ಭಾನುವಾರ ಅಕ್ಕನ ಜೊತೆ ಆ ಊರಿಗೆ ಹೋಗ್ತಿದ್ದೀನಿ. ನೀವೂ ಬನ್ನಿ.”

“ಅಂಗಡಿಗೆ ಜಾಗ ನೋಡೋಕಾ?”

“ಅದನ್ನ ನೀವು ನೋಡ್ಕೊಳ್ಳಿ. ನನಗೆ ಬಾಡಿಗೆಗೆ ಒಂದು ಮನೆ ಬೇಕು. ಅದು ಇಬ್ಬರಿಗೆ ಸಾಲುತ್ತಾ ಅಂತ ಹೇಳೋಕೆ ಇನ್ನೊಬ್ಬರು ಬೇಕಲ್ಲ.”

ಅವನು ತಲೆಯಾಡಿಸಿದ. ಇನ್ನೊಮ್ಮೆ ತಲೆಯಾಡಿಸಿ, ಹೊರಗೆ ಹೊರಟವನು ಬಾಗಿಲೆಲ್ಲಿದೆ ಎಂಬುದೇ ಮರೆತವನಂತೆ ಸೀದಾ ಗೋಡೆಯ ಹತ್ತಿರ ಹೋಗಿ ನಿಂತ.