ರಾಜನ ನಿಲುವಂಗಿಯ ತೋಳುಗಳು

ಬೆಳಿಗ್ಗೆ ನಾಟಕಶಾಲೆಯ ಹೊಲಿಗೆ ಕೋಣೆಗೆ ಕಾಲಿಟ್ಟ ಇಸ್ತ್ರಿಯವನು ಹೊಸ್ತಿಲಲ್ಲೇ ನಿಂತುಬಿಟ್ಟ. ಸಂಜೆಯ ಪ್ರದರ್ಶನಕ್ಕೆಂದು ಮೂರು ತಿಂಗಳು ಕೈಯಲ್ಲೇ ಹೊಲಿದ, ಹಳೆಯ ಕಾಲದ ರಾಜನ ನಿಲುವಂಗಿ ತೋಳಿಲ್ಲದೆ ನೇತಾಡುತ್ತಿತ್ತು. ಮಖಮಲ್ಲಿನ ಎರಡು ತೋಳುಗಳೂ ಮೊಣಕೈಯಿಂದ ಕೆಳಗೆ ಸೀಳಿಹೋಗಿ ನೆಲದ ಮೇಲೆ ಬಿದ್ದಿದ್ದವು. ಪಕ್ಕದಲ್ಲಿ ದರ್ಜಿ ಮಾಸ್ಟರರ ಸೊಸೆಯ ಕತ್ತರಿ.

ಅಂಗಿಯ ಹೊಲಿಗೆಯೆಲ್ಲ ಅವಳದೇ. ತೋಳನ್ನು ಹೆಗಲಿಗೆ ಕೂರಿಸುವುದನ್ನು ಮಾತ್ರ ಮಾವ ಯಾರಿಗೂ ಬಿಡುತ್ತಿರಲಿಲ್ಲ. ಅದಕ್ಕೇ ನಿನ್ನೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ರಾತ್ರಿ ಕೋಣೆಯ ಕೀಲಿ ಇದ್ದದ್ದೂ ಅವರಿಬ್ಬರ ಬಳಿಯೇ.

"ಸಿಟ್ಟಿದ್ರೆ ಬಾಯಲ್ಲಿ ತೀರಿಸ್ಕೋಬೇಕಿತ್ತಮ್ಮ," ಎಂದ ಸುದ್ದಿ ಕೇಳಿ ಬಂದ ನಾಟಕಶಾಲೆಯ ಮ್ಯಾನೇಜರ್, ಸೊಸೆಗೆ. "ಮಧ್ಯಾಹ್ನದೊಳಗೆ ಜಾಗ ಖಾಲಿ ಮಾಡು. ಇನ್ನು ನಿನಗೆ ಇಲ್ಲಿ ಕೆಲಸ ಇಲ್ಲ."

"ನಾನಲ್ಲ ಸಾರ್," ಎಂದು ಅವಳು ಮಾವನ ಮುಖ ನೋಡಿದಳು. ಮಾಸ್ಟರ್ ದಾರದ ಉಂಡೆಯನ್ನು ಸುಮ್ಮನೆ ತಿರುವುತ್ತಿದ್ದರು.

ಇಸ್ತ್ರಿಯವನು ಹಿಂದಿನ ಕೋಣೆಗೆ ಓಡಿದ. ಅಲ್ಲೇ ವಾಸವಿದ್ದ ಗುಂಡಿ ಅಜ್ಜಿಗೆ ಗುಂಡಿ ಹೊಲಿಯುವುದು ಕಸುಬು, ಕಳವು ಪತ್ತೆಹಚ್ಚುವುದು ಚಟ.

ಅಜ್ಜಿ ಬಂದು ತೋಳಿನ ಮೇಲಂಚನ್ನು ಬೆರಳಿನಿಂದ ಸವರಿದಳು. "ಕತ್ತರಿ ಇಲ್ಲಿ ತಾಕೇ ಇಲ್ಲ ಕಣೋ. ಒಂದೊಂದೇ ಹೊಲಿಗೆ ಬಿಚ್ಚಿದ್ದಾರೆ. ಅಂಗೀನ ಕಿಟಕಿಗೆ ಹಿಡಿ."

ಬೆಳಕಿಗೆ ಸೂಜಿಯ ತೂತುಗಳು ಮುಂಜಾವಿನ ಕೊನೆಯ ಚುಕ್ಕಿಗಳಂತೆ ಮಿನುಗಿದವು. ಅಜ್ಜಿ ಬಲತೋಳನ್ನು ಬಲಹೆಗಲಿಗೆ ಹಿಡಿದು ಇಲ್ಲವೆಂದು ತಲೆಯಾಡಿಸಿದಳು. ಎಡಹೆಗಲಿಗೆ ಹಿಡಿದು ನಿಟ್ಟುಸಿರಿಟ್ಟಳು. "ಎಲ್ರನ್ನೂ ಕರಿ."

ಎಲ್ಲರೂ ಸೇರಿದರು.

"ಸಿಟ್ಟಲ್ಲಿ ಹರಿಯೋರು ಹೊಲಿಗೆ ಬಿಚ್ತಾ ಕೂರಲ್ಲ," ಎಂದಳು ಅಜ್ಜಿ. "ಬಿಚ್ಚಿದವರಿಗೆ ತೋಳು ಮತ್ತೆ ಬೇಕಿತ್ತು. ಯಾಕೆ? ಕೈಹೊಲಿಗೆಯ ಅಂತರ ಎರಡು ಕಡೆ ಒಂದೇ ಥರ ಬರಲ್ಲ. ಬಲತೋಳಿನ ತೂತುಗಳು ಎಡಹೆಗಲಿಗೆ ತಾಳೆಯಾದವು. ತೋಳು ಅದಲುಬದಲಾಗಿತ್ತು. ರಾಜ ಕೈ ಎತ್ತಿದ್ರೆ ಅಂಗಿಯೇ ಕುತ್ತಿಗೆಗೇರ್ತಿತ್ತು."

"ಬಿಚ್ಚಿ ಸರಿ ಮಾಡಬಹುದಿತ್ತಲ್ಲ?" ಎಂದ ಮ್ಯಾನೇಜರ್.

"ಮಖಮಲ್ಲಲ್ಲಿ ತೂತು ಮುಚ್ಚಿಕೊಳ್ಳಲ್ಲಪ್ಪ. ಮತ್ತೆ ಕೂರಿಸಿದ್ರೂ ತಪ್ಪು ಇಣುಕ್ತಿತ್ತು. ಬಿಚ್ಚಿದ ಮೇಲೆ ಅದು ಹೊಳೆದು ಸೀಳಿದ್ದಾರೆ. ತೋಳೇ ಹಾಳಾದ್ರೆ ಹೊಸದು ಬರುತ್ತೆ, ತಪ್ಪೂ ಅಡಗುತ್ತೆ. ಇದು ಇವಳ ಕಣ್ಣಿಗೆ ಬಿದ್ದಿದ್ರೆ ಮುಚ್ಚಿಡ್ತಿದ್ಲಾ? ಊರಿಗೆಲ್ಲ ಡಂಗುರ ಹೊಡೀತಿದ್ಲು. ಮುಚ್ಚಿಡಬೇಕಾಗಿದ್ದು ಕೂರಿಸಿದವರಿಗೆ."

ದಾರದ ಉಂಡೆ ನಿಂತಿತು.

"ಕಣ್ಣು ಮಂಜಾಗಿ ಆರು ತಿಂಗಳಾಯ್ತು," ಎಂದರು ಮಾಸ್ಟರ್, ಸೊಸೆಯತ್ತ ತಿರುಗಿ. "ಬೆರಳನ್ನೇ ನಂಬಿ ಹೊಲೀತಿದ್ದೆ. ತಪ್ಪಾಗಿದ್ದೂ ನಿನ್ನೆ ರಾತ್ರಿ ಅಂಗಿ ಸವರಿದಾಗಲೇ ತಿಳೀತು. ಕೈಗೆ ಸಿಕ್ಕಿದ ಕತ್ತರಿ ಯಾರದು ಅಂತ ನೋಡ್ಲಿಲ್ಲ. ನಿನ್ನದು ಅಂತ ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ. ಅದಕ್ಕೆ ಕಣ್ಣಿನ ನೆಪ ಹೇಳಕ್ಕಾಗಲ್ಲ."

ಮ್ಯಾನೇಜರ್ ತಲೆ ತಗ್ಗಿಸಿ, "ನಿನ್ನ ಕೆಲಸ ನಿನಗೇ ಇದೆಯಮ್ಮ. ಸಂಜೆಗೆ ಹೊಸ ತೋಳು ಆಗುತ್ತಾ?" ಎಂದ.

"ಆಗುತ್ತೆ. ಆದ್ರೆ ಕೂರಿಸೋದೂ ನಾನೇ."

ಮಾಸ್ಟರ್ ಮೆಲ್ಲನೆ ಎದ್ದು, ಮೂವತ್ತು ವರ್ಷ ಕುಳಿತಿದ್ದ ಸ್ಟೂಲನ್ನು ಅವಳತ್ತ ಸರಿಸಿದರು. "ಇಲ್ಲಿ ಬೆಳಕು ಚೆನ್ನಾಗಿದೆ. ಕೂತ್ಕೋಮ್ಮ."

ಅವಳು ಕುಳಿತಳು. ಮಾವನ ಕಡೆ ನೋಡಲಿಲ್ಲ.