ಅವನು ಕಿತ್ತ ವಾಯರು

"ಓ ದಾದಾ! ಹೇ ಕಾಯ್ ಕೇಲಂತ್?"

'ಅಣ್ಣಾ, ಏನು ಮಾಡಿಬಿಟ್ಟಿರಿ' ಎಂದು ಭವ್ಯಶ್ರೀ ಮರಾಠಿಯಲ್ಲಿ ಹೀಗೆ ಕಿರುಚಿದ್ದಕ್ಕೆ ಅಂದು ಪುಣೆಯಿಂದ ಹಾರಬೇಕಿದ್ದ ಎರಡು ವಿಮಾನಗಳು ತಡವಾದವು. ನಾನು ಸುಳ್ಳು ಹೇಳುವುದಿಲ್ಲ. ಸತ್ಯದ ವಾಲ್ಯೂಮು ಸ್ವಲ್ಪ ಏರಿಸುತ್ತೇನೆ, ಅಷ್ಟೆ!

ಕಿರುಚದೆ ಇನ್ನೇನು ಮಾಡಬೇಕಿತ್ತು? ವಿಮಾನ ನಗರದ ಆ ವಾದ್ಯದಂಗಡಿಯಲ್ಲಿ ಅವಳು ಕಣ್ಣು ಮುಚ್ಚಿ, ಕೀಬೋರ್ಡಿಗೆ ಜೋಡಿಸಿದ ಪೆಟ್ಟಿಗೆಯೊಂದರ ಪಿಯಾನೋ ದನಿ ನುಡಿಸುತ್ತಿದ್ದಳು. ಎರಡೂ ಸ್ಪೀಕರುಗಳಿಂದ ಸ್ವರ ಜೇನಿನಂತೆ ಇಳಿಯುತ್ತಿತ್ತು. ಅಂಗಡಿಯ ಎತ್ತರದ ಹುಡುಗ ಬಂದವನೇ ಪೆಟ್ಟಿಗೆಯ ಎರಡು ವಾಯರುಗಳಲ್ಲಿ ಒಂದನ್ನು ಕಿತ್ತುಬಿಟ್ಟ!

ಪಿಯಾನೋ ಸೊರಗಿತು. ಬಾವಿಯ ತಳದಲ್ಲಿ ಯಾರೋ ತಟ್ಟೆ ಬಡಿದಂತೆ...

"ಇವನ ಕೈ ಮುರೀಲಿ!" ಸಿಟ್ಟಿಗೆ ಕನ್ನಡವೇ ಬಾಯಿಗೆ ಬಂತು.

"ಮುರದ್ರ ವಾಯರ್ ಯಾರ್ ಹಚ್ಚೂದ್ರೀ?" ಎಂದ ಹುಡುಗ. ಅವಿನಾಶ್. ಬೆಳಗಾವಿಯವನು.

ಅವಳ ಹಳೆಯ ಕೀಬೋರ್ಡಿನ ಕೀಗಳು ಗಟ್ಟಿಯಾಗಿದ್ದವು, ಸ್ವರ ಮಾತ್ರ ಸತ್ತಿತ್ತು. ಅದಕ್ಕೇ ಸೌಂಡ್ ಮಾಡ್ಯೂಲ್ ಹುಡುಕಿ ಬಂದಿದ್ದಳು. ಕೀಬೋರ್ಡಿಗೆ ಜೋಡಿಸಿದರೆ ಪಿಯಾನೋ, ಪಿಟೀಲು, ಕೊಳಲು ಎಲ್ಲ ಕೊಡುವ ಪೆಟ್ಟಿಗೆ. ನಿಗಡಿಯ ಮನೆಯಲ್ಲಿ ರೆಕಾರ್ಡಿಂಗಿಗೂ ಸ್ಟೇಜಿಗೂ ಒಂದೇ ಆಗಬೇಕು.

"ಈ ದೊಡ್ಡ ಮಾಡ್ಯೂಲ್ ಮನೀಗೆ ಭಾಳ ಚಲೋ ಅದರೀ. ಸ್ಟೇಜಿಗೆ ಬ್ಯಾಡ. ಆ ಸಣ್ಣದು ತಗೋರಿ," ಎಂದ ಅವಿನಾಶ್.

ಮನೆಗೆ!

ಆ ಮಾತು ಎದೆಗೆ ಚುಚ್ಚಿತು. ಹೋದ ವಾರವಷ್ಟೇ ಅವಳು ಕೋರಸ್ ಹಾಡುತ್ತಿದ್ದ ಕನ್ನಡ ಆರ್ಕೆಸ್ಟ್ರಾದ ಯಜಮಾನ ಸುಖೇಶ್, ಉಡುಪಿ ಹೋಟೆಲಿನ ಧಣಿ, ಹಲ್ಲು ಕಿರಿದಿದ್ದ: "ಕೀಬೋರ್ಡು ನೀನು ಮನೆಯಲ್ಲಿ ಬಾರಿಸು ಮಾರಾಯ್ತಿ. ಸ್ಟೇಜಿನಲ್ಲಿ ಕೋರಸ್‌ಗೆ ನಿಲ್ಲು, ಚಂದ ಕಾಣ್ತದೆ."

"ಯಾಕ್ರೀ, ಹೆಣ್ಮಕ್ಕಳು ಸ್ಟೇಜಿಗೆ ಬ್ಯಾಡೇನು?"

"ಹಂಗಲ್ರೀ... ನಾ ಅಂದದ್ದು..."

"ಈ ದೊಡ್ಡದನ್ನs ಪ್ಯಾಕ್ ಮಾಡ್ರಿ!"

ಅವಿನಾಶ್ ಬಾಯಿ ತೆರೆದ. ಅವಳ ಕಣ್ಣಿನ ಬೆಂಕಿ ನೋಡಿ ಮುಚ್ಚಿದ. ಅದೇ ಗಳಿಗೆಯಲ್ಲಿ ಪ್ರೇಮದಲ್ಲಿ ಜಾರಿ ಬಿದ್ದ ಪಾಪ, ಏಳಲೇ ಇಲ್ಲ!

ಮನೆಯಲ್ಲಿ ಹೆಡ್‌ಫೋನಿನಲ್ಲಿ ಆ ಪಿಯಾನೋ ಸ್ವರ್ಗವೇ ಆಗಿತ್ತು. ಅವಳು ರೆಕಾರ್ಡು ಮಾಡಿ ಇಂಟರ್ನೆಟ್ಟಿಗೆ ಹಾಕಿದ ಹಾಡು ಕೇಳಿ ನಿಗಡಿಯ ಕಾಗೆಗಳೂ ಬಾಯಿ ಮುಚ್ಚಿದವು. ಸುಖೇಶನೂ ಕೇಳಿದ.

"ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಒಂದು ಹಾಡು ಕೊಡ್ತೇನೆ. ಸರಿಯಾದರೆ ಕೀಬೋರ್ಡು ನಿನ್ನದು. ತಪ್ಪಿದರೆ ಕೋರಸ್ಸೇ. ಮತ್ತೆ ಕೇಳಬಾರದು!"

ಕಾರ್ಯಕ್ರಮದ ದಿನ ಮಧ್ಯಾಹ್ನ ಸೌಂಡ್ ಪರೀಕ್ಷೆಗೆ ನಿಂತರೆ ಮಿಕ್ಸರ್ ಮುಂದೆ ಕೂತವನು ಯಾರು? ಅವಿನಾಶ್! ಸ್ಪೀಕರುಗಳು ಅವನ ಅಂಗಡಿಯಿಂದಲೇ ಬಂದಿದ್ದವು.

"ನಿಮಗ ಒಂದs ಲೈನ್ ಉಳದದರೀ, ಒಂದs ವಾಯರಿಗೆ ಜಾಗಾ. ಬಾಕಿ ಎಲ್ಲಾ ಕೋರಸ್ ಮೈಕಿಗೆ ಹೋಗ್ಯಾವ."

ಒಂದೇ ವಾಯರು ಚುಚ್ಚಿ ನುಡಿಸಿದಳು.

ಬಾವಿ! ತಟ್ಟೆ!

'ಅಯ್ಯೋ... ಅವತ್ತು ವಾಯರು ಕಿತ್ತು ಇದನ್ನೇ ತೋರಿಸಿದ್ದನಲ್ಲ!' ಎರಡು ವಾಯರುಗಳಿಗಾಗಿ ಹರಡಿಟ್ಟ ಸ್ವರವನ್ನು ಒಂದರಲ್ಲೇ ತುರುಕಿದರೆ ಒಂದನ್ನೊಂದು ನುಂಗಿಹಾಕುತ್ತದೆ.

"ನಾನು ಹೇಳ್ಲಿಲ್ವಾ?" ಸುಖೇಶ್ ಕೈ ಬೀಸಿದ. "ಹೋಗು, ಕೋರಸ್‌ಗೆ ನಿಲ್ಲು."

ಅವಿನಾಶ್ ಓಡಿಬಂದ. "ಆ ಸಣ್ಣ ಮಾಡ್ಯೂಲ್ ವ್ಯಾನಿನಾಗ ಅದರೀ. ತರ್ಲೇನು?"

"ಬ್ಯಾಡ! ಇದನ್ನ ಆರಿಸಿದಾಕಿ ನಾ. ಇದರಾಗs ನುಡಸ್ತೀನಿ!"

ಮಾಡ್ಯೂಲಿನ ಗುಂಡಿ ತಿರುಗಿಸಿದಳು. ಅದರೊಳಗೆ ಬಗೆಬಗೆಯ ಪಿಯಾನೋ ದನಿಗಳು ತಲೆಕೂದಲಿಗಿಂತ ಹೆಚ್ಚು! ಒಂದೊಂದನ್ನೇ ಕೇಳಿ ತಳ್ಳುತ್ತ ಹೋದಳು. ಕೊನೆಯಲ್ಲಿ ಮನೆಯಲ್ಲಿ ಸಪ್ಪೆಯೆಂದು ಮುಟ್ಟದೆ ಬಿಟ್ಟಿದ್ದ ಪಿಯಾನೋ ಸಿಕ್ಕಿತು. ಅಲಂಕಾರವಿಲ್ಲ, ಹರಡಿಕೆಯಿಲ್ಲ, ಒಂದೇ ವಾಯರಿಗಾಗಿ ಹುಟ್ಟಿದ್ದು.

ಪರದೆ ಎದ್ದಿತು. ಬೆರಳಿಟ್ಟಳು.

ಸಭೆ ಗಪ್ಪಾಯಿತು! ಪ್ರತಿ ಸ್ವರವೂ ಹಿಂದಿನ ಸಾಲಿನ ಅಜ್ಜಿಯ ಮಡಿಲಿಗೇ ಹೋಗಿ ಕೂತಿತು. ಸುಖೇಶನ ಬಾಯಿ ಎಷ್ಟು ತೆರೆಯಿತೆಂದರೆ, ಮಸಾಲೆದೋಸೆ ಮಡಚದೆ ಒಳಗಿಡಬಹುದಿತ್ತು.

"ಕೀಬೋರ್ಡು ಇನ್ನು ನಿನ್ನದೇ ಮಾರಾಯ್ತಿ."

"ಮೊದಲಿಂದನೂ ನಂದs ಇತ್ತರೀ. ನಿಮಗ ಇವತ್ತ ಕೇಳಿಸ್ತು."

ಜನ ಚದುರಿದರು. ಅವಿನಾಶ್ ತಲೆ ತಗ್ಗಿಸಿ ವಾಯರು ಸುತ್ತುತ್ತಿದ್ದ.

"ಅವತ್ತ ವಾಯರ್ ಕೀಳೂಮುಂದ ಬಾಯಿ ಇದ್ದಿಲ್ಲೇನು ನಿಮಗ?"

"ಇತ್ತರೀ... ನಿಮ್ಮನ್ನ ನೋಡಿ ಮುಚ್ಚಿಕೊಂತು." ಅವನು ವಾಯರು ಕೆಳಗಿಟ್ಟ. "ದಿನಾ ನಿಮ್ಮ ರೆಕಾರ್ಡಿಂಗ್ ಕೇಳ್ತೀನಿ. ನೀವಂದ್ರ ನನಗ ಭಾಳ ಇಷ್ಟ, ಭವ್ಯಶ್ರೀ."

ಅವಳ ಕೆನ್ನೆ ಬಿಸಿಯಾಯಿತು. ಗದ್ದ ಮಾತ್ರ ಮೇಲೆಯೇ ಇತ್ತು!

"ಲಗ್ನ ಆದ ಮ್ಯಾಲೂ ನಾ ಸ್ಟೇಜ್ ಬಿಡಾಕಿ ಅಲ್ಲ."

"ಬಿಡು ಅಂದವರ ಯಾರ್ರೀ?"

"ಹಂಗಾರ... ಈಗ ಲೈನ್ ಎಲ್ಲಾ ಖಾಲಿ ಅದಾವ. ಅವತ್ತ ಕಿತ್ತ ವಾಯರ್ ಹಚ್ಚಿಕೊಡ್ರಿ."

ಅವನು ಹಚ್ಚಿದ. ಅವಳು ಗುಂಡಿ ತಿರುಗಿಸಿ, ಮನೆಯಲ್ಲಿ ಸ್ವರ್ಗವಾಗಿದ್ದ ಆ ಮೊದಲ ಪಿಯಾನೋ ದನಿಯನ್ನೇ ನುಡಿಸಿದಳು. ಬರಿದಾದ ಸಭಾಂಗಣದ ಎಡದಿಂದಲೂ ಬಲದಿಂದಲೂ ಸ್ವರ ಉಕ್ಕಿತು.

"ಹೆಂಗ ಕೇಳಸ್ತದ?"

"ಇಲ್ಲಿ ಬದೀಗೆ ನಿಂತ್ರ ನನಗ ಅರ್ಧಾನ ಕೇಳಸ್ತದರೀ. ಪೂರಾ ಕೇಳಬೇಕಂದ್ರ ನಟ್ಟನಡುವ, ನೀವು ಕೂತಲ್ಲೇ ಕೂಡಬೇಕು."

ಭವ್ಯಶ್ರೀ ಬೆಂಚಿನ ಮೇಲೆ ತುಸು ಸರಿದಳು.

"ಇಬ್ಬರಿಗೆ ಜಾಗಾ ಸಾಲೂದಿಲ್ರೀ..."

"ಸಾಲ್ತದ. ಬಾ."